ಒಂಟಿ ಚೆಲ್ಲೋಗೆ ಒಳ್ಳೆಯ ಎಲ್‌ಪಿ

ರಷ್ಯದ ಸಂಗೀತ ರಚನಕಾರ ಮೆಟ್ನರ್‌ನ ಸಂಗೀತ ಎಚ್‌ಎಂವಿ ರೆಕಾರ್ಡುಗಳಲ್ಲಿ ಉಳಿಯಲೆಂದು ಹಣ ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಪಾಶ್ಚಾತ್ಯ ಸಂಗೀತದ ರಸಿಕತೆ ನಮಗೆ ಹೊಸತಲ್ಲ; ಆ ರಸಿಕತೆಯಿಂದಲೇ ಒಂಟಿ ಚೆಲ್ಲೋದತ್ತ ಬರೋಣ.

ಪಕ್ಕವಾದ್ಯವಿಲ್ಲದ ಚೆಲ್ಲೋ ಕೇಳುವವರು ಬಾಖ್‌ನ ಆರು ಸೂಟ್‌ಗಳಿಂದ ಶುರುಮಾಡಬೇಕು. ಪಾಬ್ಲೊ ಕಸಾಲ್ಸ್ 1936–39ರಲ್ಲಿ ನುಡಿಸಿದ್ದು 78 ಆರ್‌ಪಿಎಂ ಕಾಲದ ಧ್ವನಿಮುದ್ರಣ. ಎಲ್‌ಪಿಯಲ್ಲೂ ಹಿನ್ನೆಲೆಯ ಸರಸರ ಉಳಿದಿದೆ, ಆದರೆ ಆ ಜೀವಂತಿಕೆಗೆ ಸಾಟಿಯಿಲ್ಲ. ನಾದವೇ ಮುಖ್ಯವೆಂದರೆ, 1960ರ ದಶಕದಲ್ಲಿ ಯಾನೊಸ್ ಸ್ಟಾರ್ಕರ್ ಮರ್ಕ್ಯುರಿ ಕಂಪನಿಗೆ ನುಡಿಸಿದ್ದೇ ನನ್ನ ಆಯ್ಕೆ: ಕಮಾನು ತಂತಿಯನ್ನು ಹಿಡಿಯುವ ಕ್ಷಣ, ಮರದೊಡಲಿನ ಮಂದ್ರ, ಎರಡೂ ಸ್ಪಷ್ಟ.

ಒಂಟಿ ವಾದ್ಯದಲ್ಲಿ ಪ್ರತಿ ಚಟಪಟವೂ ಕೇಳುತ್ತದೆ. ಕೊಳ್ಳುವಾಗ ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಣಗಿದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ.