ಮಿನ್ ಇಲ್ಲದ ದಾರಿ

ಬದುಕು ಕುಸಿದಾಗ ಊರುಬಿಟ್ಟು ಹೊರಟವರ ಪುಸ್ತಕ ಕೈಗೆತ್ತಿಕೊಳ್ಳಲು ನನಗೆ ಅಳುಕು. ಕೊನೆಯ ಪುಟದೊಳಗೆ ಲೇಖಕನ ಗಾಯ ಮಾಯಲೇಬೇಕೆಂದು ಅಲ್ಲಿ ಮೊದಲೇ ಮಾತಾಗಿರುತ್ತದೆ. ಆಂಡ್ರ್ಯೂ ಎಕ್ಸ್. ಫಾಮ್ ಅವರ ‘ಕ್ಯಾಟ್‌ಫಿಷ್ ಆ್ಯಂಡ್ ಮಂಡಲ’ (1999) ಅಂಥ ಮಾತಿಗೆ ಕಟ್ಟುಬಿದ್ದಿಲ್ಲ.

1967ರಲ್ಲಿ ವಿಯೆಟ್ನಾಂನಲ್ಲಿ ಹುಟ್ಟಿದ ಫಾಮ್ ಬೆಳೆದದ್ದು ಅಮೆರಿಕದಲ್ಲಿ. ಯುದ್ಧ ಮುಗಿದ ಮೇಲೆ ಅಪ್ಪ ಕಮ್ಯುನಿಸ್ಟರ ಸೆರೆ ಶಿಬಿರ ಕಂಡರು, ಆಮೇಲೆ ಸಂಸಾರ ದೋಣಿ ಹತ್ತಿತು. ಹೆಣ್ಣಾಗಿ ಹುಟ್ಟಿದ ಹಿರಿಯ ಮಗು ಚಿ, ಅಪ್ಪನ ಏಟು ತಿಂದು ಮನೆಬಿಟ್ಟಿತು. ಎಷ್ಟೋ ವರ್ಷಗಳ ನಂತರ ಮಿನ್ ಎಂಬ ಗಂಡಸಾಗಿ ಮರಳಿದವರು ಆತ್ಮಹತ್ಯೆ ಮಾಡಿಕೊಂಡರು. ಎಂಜಿನಿಯರ್ ಕೆಲಸ ಬಿಟ್ಟ ಫಾಮ್ ಸೈಕಲ್ ಹತ್ತಿದರು: ಮೆಕ್ಸಿಕೊ, ಅಮೆರಿಕದ ಪಶ್ಚಿಮ ಕರಾವಳಿ, ಜಪಾನ್, ಕೊನೆಗೆ ವಿಯೆಟ್ನಾಂ.

ಸೈಕಲ್ ಇಲ್ಲಿ ಬರಿಯ ವಾಹನವಲ್ಲ, ಕಥನದ ಉಪಾಯವೇ. ಬಸ್ಸಿನಲ್ಲಿ ಕೂತವನು ಕಿಟಕಿ ಮುಚ್ಚಿಕೊಳ್ಳಬಹುದು. ಗಂಟುಮೂಟೆ ಹೇರಿಕೊಂಡು ಬೆವರುತ್ತ ತುಳಿಯುವವನನ್ನು ಯಾರು ಬೇಕಾದರೂ ನಿಲ್ಲಿಸಿ ವಿಚಾರಿಸಬಹುದು. ಮೆಕ್ಸಿಕೊದ ಮರುಭೂಮಿಯಲ್ಲಿ ಸಿಕ್ಕ ಮಾಜಿ ಅಮೆರಿಕನ್ ಸೈನಿಕನೊಬ್ಬ, ಇವರು ವಿಯೆಟ್ನಾಂನವರೆಂದು ತಿಳಿದು ಕ್ಷಮೆ ಬೇಡುತ್ತಾನೆ. ಯುದ್ಧದ ಹೊತ್ತಿಗೆ ಮಗುವಾಗಿದ್ದವನು ಯಾರ ಪರವಾಗಿ ಕ್ಷಮಿಸಬೇಕು? ಹುಟ್ಟಿದ ನಾಡಿನಲ್ಲಂತೂ ಅವರು ‘ವಿಯೆಟ್ ಕಿಯೂ’, ಪರದೇಶದಲ್ಲಿ ನೆಲೆಸಿ ನೋಡಿಹೋಗಲು ಬಂದವನು. ಅಲ್ಲಿನವರಿಗೆ ಅವರ ಡಾಲರಿನ ಮೇಲೆ ಆಸೆ, ಓಡಿಹೋದವನೆಂಬ ಸಿಟ್ಟು, ಎರಡೂ. ಆಮಶಂಕೆಯಿಂದ ನೆಲಕಚ್ಚಿದಾಗಲೂ ಫಾಮ್ ತಮ್ಮನ್ನು ವೀರನನ್ನಾಗಿ ಮಾಡಿಕೊಳ್ಳುವುದಿಲ್ಲ. ಸಣ್ಣತನ, ಅಸಹನೆ, ನಾಚಿಕೆ ಎಲ್ಲವೂ ಪುಟಕ್ಕೆ ಬಂದಿವೆ. ಪುಸ್ತಕದ ಜೀವ ಇರುವುದು ಇಲ್ಲಿ. ನಿಸರ್ಗ ವರ್ಣನೆಗೆ ಇಳಿದಾಗ ಮಾತ್ರ ವಿಶೇಷಣಗಳು ಒಂದರ ಮೇಲೊಂದು ಬಿದ್ದು ದಾರಿಯೇ ಕಾಣದಂತಾಗುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ಈ ಪ್ರಯಾಣದ ಕಾರಣವೇ ಮಿನ್, ಆದರೆ ಪುಟಗಳಲ್ಲಿ ಮಿನ್ ಸುಳಿದು ಮರೆಯಾಗುವುದೇ ಹೆಚ್ಚು. ಮನೆಯಿಂದ ದೂರವಿದ್ದ ಆ ವರ್ಷಗಳ ಬಗ್ಗೆ ತಮ್ಮನಿಗೆ ತಿಳಿದದ್ದೇ ಕಡಿಮೆ ಎಂದು ಸಮರ್ಥಿಸಬಹುದು. ಸರಿ, ಆದರೆ ತಿಳಿಯದ್ದನ್ನು ಹುಡುಕುತ್ತ ಸಾಗರ ದಾಟಿದವರು ಆ ವರ್ಷಗಳ ಕಡೆಗೆ ಸೈಕಲ್ ತಿರುಗಿಸಲಿಲ್ಲವಲ್ಲ! 2008ರ ‘ದಿ ಈವ್ಸ್ ಆಫ್ ಹೆವನ್’ನಲ್ಲಿ ಫಾಮ್ ಅಪ್ಪನ ಬದುಕನ್ನು ಅಪ್ಪನ ಬಾಯಲ್ಲೇ ಹೇಳಿಸಿದರು. ಅದನ್ನು ಮೆಚ್ಚಿಕೊಂಡೇ ಓದಿದೆ. ಹೊಡೆದ ಕೈಗೆ ಸಿಕ್ಕ ಅಷ್ಟು ಪುಟಗಳಲ್ಲಿ ಕಾಲುಭಾಗವಾದರೂ ಏಟು ತಿಂದವರಿಗೆ ಸಲ್ಲಬೇಕಿತ್ತು.