ವೃದ್ಧಶುಶ್ರೂಷಾಲಯಗಳ ಮಾಹಿತಿವ್ಯವಸ್ಥೆ: ಒಂದು ಪ್ರಾಮಾಣ್ಯವಿಚಾರ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಸರ್ಕಾರದ ಹಣವನ್ನು ಪಡೆಯುವ ವೃದ್ಧಶುಶ್ರೂಷಾಲಯಗಳು ಪ್ರತಿಯೊಬ್ಬ ನಿವಾಸಿಯ ಸ್ಥಿತಿಯನ್ನೂ ಏಕರೂಪವಾದ ಪತ್ರದಲ್ಲಿ ಬರೆದಿಡತಕ್ಕದ್ದೆಂದು 1987ರ ಶಾಸನವು ವಿಧಿಸಿತು. 'ಮಿನಿಮಮ್ ಡೇಟಾ ಸೆಟ್' ಎಂಬ ಆ ಪತ್ರವು ಈಗ ಕಂಪ್ಯೂಟರಿನ ಮೂಲಕ ಸರ್ಕಾರಕ್ಕೆ ಸಲ್ಲುತ್ತದೆ. ಇಂತಹ ವ್ಯವಸ್ಥೆಗಳ ಗುಣದೋಷಗಳನ್ನು ವಿಮರ್ಶಿಸುವವರಲ್ಲಿ ಅನೇಕರು, ಡಿಲೋನ್ ಮತ್ತು ಮೆಕ್‌ಲೀನ್ ಎಂಬ ವಿದ್ವಾಂಸರು 1992ರಲ್ಲಿ ನಿರೂಪಿಸಿ 2003ರಲ್ಲಿ ಪರಿಷ್ಕರಿಸಿದ ಮಾದರಿಯನ್ನು ಆಶ್ರಯಿಸುವರು. ವ್ಯವಸ್ಥೆಯ ಗುಣ, ಮಾಹಿತಿಯ ಗುಣ, ಬಳಕೆ, ಬಳಸುವವರ ತೃಪ್ತಿ ಮೊದಲಾದುವು ಅದರ ಒರೆಗಲ್ಲುಗಳು. ಒರೆಗಲ್ಲು ಕೆಟ್ಟುದಲ್ಲ. ಆದರೆ 'ಬಳಸುವವರು' ಎಂದರೆ ಯಾರು? ದಾದಿಯರು, ಲೆಕ್ಕಿಗರು, ಅಧಿಕಾರಿಗಳು. ಯಾವ ವೃದ್ಧನ ದೇಹವನ್ನು ಕುರಿತು ಪತ್ರವು ಹುಟ್ಟಿತೋ ಅವನು ಈ ಲಕ್ಷಣದೊಳಗೆ ಬರುವುದು ಅಪೂರ್ವ. ಇದು ಸ್ಪಷ್ಟವಾದ ಅವ್ಯಾಪ್ತಿದೋಷ.

2010ರ ಅಕ್ಟೋಬರಿನಲ್ಲಿ ಆಚರಣೆಗೆ ಬಂದ ಮೂರನೆಯ ಪರಿಷ್ಕರಣವು ಈ ದೋಷವನ್ನು ಕೆಲಮಟ್ಟಿಗೆ ಕಳೆಯಿತೆಂಬುದನ್ನು ಒಪ್ಪಲೇಬೇಕು. ಅಲ್ಲಿಯವರೆಗೆ ವೃದ್ಧನ ನೆನಪು, ಖೇದ, ನೋವುಗಳನ್ನು ಬಹುಶಃ ದಾದಿಯು ಕಂಡು ಊಹಿಸಿ ಬರೆಯುತ್ತಿದ್ದಳು. ಅನಂತರ, ಮಾತನಾಡಬಲ್ಲವರನ್ನು ನೇರವಾಗಿಯೇ ಕೇಳಬೇಕೆಂದಾಯಿತು. 'ಕಾಲುಚೀಲ', 'ನೀಲಿ', 'ಹಾಸಿಗೆ' ಎಂಬ ಮೂರು ಮಾತುಗಳನ್ನು ಹೇಳಿ, ನಡುವೆ ವರ್ಷ, ತಿಂಗಳು, ವಾರಗಳನ್ನು ಕೇಳಿ, ಆ ಮಾತುಗಳನ್ನು ಮತ್ತೆ ಹೇಳಿಸಿ 15 ಅಂಕಗಳಿಗೆ ನೆನಪನ್ನು ಅಳೆಯುವರು. ಪರೀಕ್ಷೆಯು ಅತ್ಯಂತ ಸರಳ. ಆದರೂ ಅನುಮಾನದ ಸ್ಥಾನದಲ್ಲಿ ವೃದ್ಧನ ಶಬ್ದವು ಪ್ರಮಾಣವಾಯಿತೆಂಬುದು ಸಣ್ಣ ಮಾತಲ್ಲ.

ಉಳಿದ ತೊಡಕು ಇದಕ್ಕಿಂತ ಗಹನವಾದುದು. ಆಪ್ತವಾಕ್ಯವು ಪ್ರಮಾಣವಾಗುವುದು ವಕ್ತೃವಿಗೆ ವಂಚಿಸುವ ಪ್ರಯೋಜನವಿಲ್ಲದಿದ್ದಾಗ. ಇಲ್ಲಿಯೋ, ಒಂದೇ ಪತ್ರದಿಂದ ಶುಶ್ರೂಷೆಯ ಕ್ರಮವೂ, ಶುಶ್ರೂಷಾಲಯಕ್ಕೆ ಸಲ್ಲುವ ಹಣವೂ, 2008ರ ಡಿಸೆಂಬರಿನಿಂದ ಸರ್ಕಾರವು ಪ್ರಕಟಿಸುತ್ತಿರುವ ನಕ್ಷತ್ರಾಂಕಗಳ ಒಂದು ಭಾಗವೂ ನಿರ್ಣಯವಾಗುತ್ತವೆ. ಪತ್ರವನ್ನು ಬರೆಯುವುದು ಶುಶ್ರೂಷಾಲಯವೇ. ಸಾಕ್ಷಿಯೂ ಫಲಭಾಗಿಯೂ ಒಬ್ಬನೇ ಆದ ಮೇಲೆ ಬಳಸುವವರ ತೃಪ್ತಿಯನ್ನು ಅಳೆದರೆ ಏನು ಸಿದ್ಧಿಸೀತು? ತೃಪ್ತಿಯೇನೋ ಸಿಕ್ಕೀತು!

ಸಿಬ್ಬಂದಿಯ ವಿಷಯದಲ್ಲಿ ಸರ್ಕಾರವು ಇದನ್ನು ಮನಗಂಡು, 2016ರಿಂದ ಸಂಬಳದ ಲೆಕ್ಕದ ಆಧಾರದಿಂದಲೇ ಕೆಲಸದ ಗಂಟೆಗಳನ್ನು ಒಪ್ಪಿಸುವಂತೆ ಮಾಡಿತು. ಬೀಳುವಿಕೆಯ ವಿಷಯದಲ್ಲಿ ಹೀಗಾಗಲಿಲ್ಲ. 2020ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯು ಆಸ್ಪತ್ರೆಗಳ ಬಿಲ್ಲುಗಳನ್ನು ಈ ಪತ್ರಗಳೊಡನೆ ಹೋಲಿಸಿ ನೋಡಲು, ತೀವ್ರವಾದ ಗಾಯವಾಗಿ ಆಸ್ಪತ್ರೆಗೆ ಸೇರಿದ ಪ್ರಸಂಗಗಳಲ್ಲಿ ಶುಶ್ರೂಷಾಲಯಗಳು ಬರೆದುಕೊಂಡಿದ್ದುದು ನೂರಕ್ಕೆ 57.5 ಮಾತ್ರ. ಬಿಳಿಯರಲ್ಲದ ವೃದ್ಧರ ಬೀಳುವಿಕೆಗಳು ಇನ್ನೂ ಹೆಚ್ಚಾಗಿ ಬಿಟ್ಟುಹೋಗಿದ್ದುವು.