ಚಾಮಯ್ಯ ಮೇಷ್ಟ್ರ ಮೇಲೊಂದು ತಕರಾರು

ಪ್ರತಿ ವರ್ಷ ಸೆಪ್ಟೆಂಬರ್ 5 ಬಂತೆಂದರೆ ನನ್ನ ಮೊಬೈಲಿಗೆ ಚಾಮಯ್ಯ ಮೇಷ್ಟ್ರು ಬರುತ್ತಾರೆ. ಹಳೆಯ ವಿದ್ಯಾರ್ಥಿಗಳು, ಸಹೋದ್ಯೋಗಿಗಳು, ನಾದಿನಿಯ ಮಗ, ಎಲ್ಲರೂ ಕೆ. ಎಸ್. ಅಶ್ವತ್ಥ್ ಅವರ ಆ ಶಾಂತ ಮುಖದ ಚಿತ್ರವನ್ನು ಕಳಿಸಿ ಕೆಳಗೆ ‘ಗುರುಭ್ಯೋ ನಮಃ’ ಎಂದು ಬರೆಯುತ್ತಾರೆ. ‘ನಾಗರಹಾವು’ ಬಿಡುಗಡೆಯಾದದ್ದು 1972ರಲ್ಲಿ. ಐವತ್ತು ವರ್ಷ ಕಳೆದರೂ ಕನ್ನಡದಲ್ಲಿ ಒಳ್ಳೆಯ ಮೇಷ್ಟ್ರು ಎಂದರೆ ಚಾಮಯ್ಯ ಮೇಷ್ಟ್ರೇ. ನಾನೂ ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿರುವವಳು. ಸ್ಟಾಫ್ ರೂಮಿನಲ್ಲಿ ಹೇಳಿದರೆ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಡುತ್ತಾರೆ, ಆದರೂ ಹೇಳುತ್ತೇನೆ. ನನಗೆ ಆ ಮೇಷ್ಟ್ರನ್ನು ಕಂಡರೆ ಸಿಟ್ಟು ಬರುತ್ತದೆ.

ಅಶ್ವತ್ಥ್ ಅವರ ಅಭಿನಯದ ಮೇಲಲ್ಲ ನನ್ನ ತಕರಾರು. ಧ್ವನಿ ಏರಿಸದೆ, ಕಣ್ಣಲ್ಲೇ ಗದರಿಸಿ ಕಣ್ಣಲ್ಲೇ ಮುದ್ದಿಸುವ ಆ ಕಲೆ ಅವರೊಂದಿಗೇ ಹೋಯಿತು. ತುಂಗಮ್ಮನಾಗಿ ಲೀಲಾವತಿಯವರೂ ಹಾಗೆಯೇ. ಮಕ್ಕಳಿಲ್ಲದ ಆ ಮನೆಗೆ ರಾಮಾಚಾರಿ ನುಗ್ಗಿ ಬಂದಾಗ ಆಕೆಯ ಮುಖ ಅರಳುವುದನ್ನು ನೋಡುವುದಕ್ಕೇ ಸಿನಿಮಾ ಇನ್ನೊಮ್ಮೆ ನೋಡಬಹುದು. ವಿಷ್ಣುವರ್ಧನ್, ಅಂಬರೀಷ್ ಇಬ್ಬರೂ ಈ ಚಿತ್ರದಿಂದಲೇ ಮನೆಮಾತಾದರು. ವಿಜಯಭಾಸ್ಕರ್ ಸಂಗೀತ, ಚಿತ್ರದುರ್ಗದ ಬಂಡೆಗಳು, ಯಾವುದಕ್ಕೂ ಕೊರತೆಯಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ ಈ ಚಿತ್ರ ಮಾಡಿದರು. ಲೇಖಕರಿಗೆ ಮಾತ್ರ ಅದು ರುಚಿಸಲಿಲ್ಲವಂತೆ, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಬೇಸರಪಟ್ಟರಂತೆ. ಅದು ಅವರ ಜಗಳ. ನನ್ನದು ಬೇರೆ.

ಕಥೆಯನ್ನು ಒಮ್ಮೆ ಅಲಮೇಲುವಿನ ಕಡೆಯಿಂದ ನೋಡಿ. ಜಲೀಲ ಬೀದಿಯಲ್ಲಿ ಆಕೆಯನ್ನು ಕಾಡುತ್ತಾನೆ. (ಅವನ ‘ಬುಲ್‌ಬುಲ್’ ಅನ್ನುವ ಕರೆಗೆ ಇಂದಿಗೂ ಸೀಟಿ ಬೀಳುತ್ತದೆ. 2018ರಲ್ಲಿ ಚಿತ್ರವನ್ನು ಹೊಸದಾಗಿ ಸಿಂಗರಿಸಿ ಮತ್ತೆ ಬಿಡುಗಡೆ ಮಾಡಿದಾಗ ನಾನು ಕೂತಿದ್ದ ಥಿಯೇಟರಿನಲ್ಲಿ ಬಿದ್ದದ್ದು ಕೇಳಿದ್ದೇನೆ. ಹುಡುಗಿಯರನ್ನು ಕಾಡಿಸುವುದಕ್ಕೆ ಸೀಟಿ!) ಅವನನ್ನು ಹೊಡೆದರೆ ತಂಗಿಯನ್ನು ನಿನಗೇ ಕೊಡಿಸುತ್ತೇನೆ ಎಂದು ಅಣ್ಣ ವರದ ರಾಮಾಚಾರಿಗೆ ಮಾತು ಕೊಡುತ್ತಾನೆ. ಕೊಡುವ ಮುಂಚೆ ತಂಗಿಯನ್ನು ಕೇಳಿದನೇ? ಇಲ್ಲ. ಗರಡಿಯಲ್ಲಿ ಗೆದ್ದವನಿಗೆ ಟಗರು ಕೊಟ್ಟ ಹಾಗೆ. ಅಷ್ಟಾದರೂ ಹುಡುಗ ಹುಡುಗಿ ನಿಜವಾಗಿಯೇ ಪ್ರೀತಿಸುತ್ತಾರೆ, ಅದು ಆಕೆಯ ಅದೃಷ್ಟ ಅನ್ನೋಣ. ಆಗ ಅಣ್ಣನ ಮಾತು ತಿರುಗುತ್ತದೆ. ಆಕೆ ಶ್ರೀವೈಷ್ಣವರ ಮನೆಯ ಹುಡುಗಿ, ಅವನು ಮಾಧ್ವ. ರಾಮಾಚಾರಿಯ ಹತ್ತಿರ ನೇರವಾಗಿ ಹೇಳುವ ಧೈರ್ಯ ಅವರಿಗಿಲ್ಲ, ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿಹಾಕಿದ ಹುಡುಗ ಅವನು! ಅವನು ತಲೆಬಾಗುವುದು ಒಬ್ಬರ ಮುಂದೆ ಮಾತ್ರ. ಆದ್ದರಿಂದ ಆ ಒಬ್ಬರನ್ನೇ ಹಿಡಿಯುತ್ತಾರೆ.

ಮೇಷ್ಟ್ರು ಶಿಷ್ಯನಿಗೆ ತ್ಯಾಗದ ದೊಡ್ಡಸ್ತಿಕೆಯನ್ನು ಹೇಳುತ್ತಾರೆ. ಶಿಷ್ಯ ಕರಗುತ್ತಾನೆ. ನಾವೂ ಕರಗುತ್ತೇವೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಇಷ್ಟು ಹೊತ್ತಿನಲ್ಲಿ ಯಾರಾದರೂ ಅಲಮೇಲುವನ್ನು ಕರೆದು ಕೂರಿಸಿ ‘ನೀನೇನಮ್ಮ ಹೇಳುತ್ತೀ?’ ಎಂದು ಕೇಳಬೇಕೆಂದುಕೊಂಡರೆ? ಜನ್ಮವೆಲ್ಲ ಮಕ್ಕಳ ನಡುವೆ ಕಳೆದ ಮೇಷ್ಟ್ರಿಗೂ ಅದು ಹೊಳೆಯಲಿಲ್ಲ. ರಾಮಾಚಾರಿ ತ್ಯಾಗ ಮಾಡಿದ ಎನ್ನುತ್ತೇವಲ್ಲ, ಅವನು ತ್ಯಾಗ ಮಾಡಿದ್ದು ಏನನ್ನು? ಒಂದು ಹುಡುಗಿಯನ್ನು. ತನ್ನ ಊಟವನ್ನು ಇನ್ನೊಬ್ಬರಿಗೆ ಕೊಟ್ಟರೆ ತ್ಯಾಗ. ಪಕ್ಕದಲ್ಲಿ ಕೂತವಳ ಎಲೆಯನ್ನು ಎತ್ತಿ ಕೊಟ್ಟರೆ ಅದಕ್ಕೆ ಏನು ಹೆಸರು, ನೀವೇ ಹೇಳಿ.

ಇದನ್ನು ನಾನು ಇಷ್ಟು ಹಟದಿಂದ ಹೇಳುವುದಕ್ಕೆ ಕಾರಣವಿದೆ. ಊರಿನಲ್ಲಿ ಟೀಚರಾಗಿ ಹತ್ತು ವರ್ಷ ಕಳೆದರೆ ಸಾಕು, ನಮ್ಮ ಬಾಗಿಲಿಗೂ ವರದನಂಥವರು ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ಬಂದರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ, ಆಗ ಡಿಗ್ರಿ ಕೊನೆಯ ವರ್ಷ. ಬೇರೆ ಜಾತಿಯ ಹುಡುಗನ ಹೆಸರು ಮನೆಯಲ್ಲಿ ಎದ್ದಿತ್ತು. ‘ನೀವು ಹೇಳಿದರೆ ಅವಳಿಗೆ ವೇದವಾಕ್ಯ ಮೇಡಂ, ಸ್ವಲ್ಪ ಬುದ್ಧಿ ಹೇಳಿ’ ಎಂದರು. ಜೊತೆಗೆ ಒಂದು ಬುಟ್ಟಿ ಮಾವಿನಹಣ್ಣು. ಅವರು ಕೆಟ್ಟವರಲ್ಲ, ಹೆದರಿದವರು. ನಾನೆಂದೆ, ‘ಮಾತಾಡುತ್ತೇನೆ. ಆದರೆ ಅವಳು ಹೇಳುವುದನ್ನೂ ನಿಮಗೆ ತಂದು ಮುಟ್ಟಿಸುತ್ತೇನೆ, ಕೇಳುತ್ತೀರಾ?’ ತಲೆಯಾಡಿಸಿದರು. ಹುಡುಗಿ ಬಂದಳು, ಎರಡು ಗಂಟೆ ಕೂತಳು. ಮೊದಲ ಅರ್ಧ ಗಂಟೆ ಬರೀ ಅಳು, ಆಮೇಲೆ ಬಹಳ ಸ್ಪಷ್ಟವಾದ ಮಾತು. ಕೆಲಸ, ಸಂಬಳ, ಎಲ್ಲಿ ಇರುವುದು, ಎಷ್ಟು ಕಾಯುವುದು ಎಲ್ಲ ಯೋಚಿಸಿದ್ದಳು. ಅಷ್ಟನ್ನೂ ತಂದೆಗೆ ಹೇಳಿದೆ. ಈಗ ಸಂತೆಯಲ್ಲಿ ನನ್ನನ್ನು ಕಂಡರೆ ಅವರು ಸೊಪ್ಪಿನ ಸಾಲು ಬಿಟ್ಟು ತೆಂಗಿನಕಾಯಿ ಸಾಲಿಗೆ ಹೋಗುತ್ತಾರೆ. ಮುಂದೇನಾಯಿತು ಅನ್ನುವುದು ಆ ಹುಡುಗಿಯ ಸ್ವಂತ ವಿಷಯ, ಇಲ್ಲಿ ಬರೆಯುವುದಿಲ್ಲ.

ಮಕ್ಕಳು ನಮ್ಮ ಮೇಲಿಡುವ ಪ್ರೀತಿ ಎಂಥದ್ದು ಎನ್ನುವುದು ಹೊರಗಿನವರಿಗೆ ತಿಳಿಯುವುದಿಲ್ಲ. ಹದಿಮೂರು ವರ್ಷದ ಹುಡುಗಿಗೆ ‘ನಿನ್ನ ಅಕ್ಷರ ಚೆನ್ನಾಗಿದೆ’ ಎಂದು ಒಮ್ಮೆ ಹೇಳಿದರೆ ಮೂವತ್ತು ವರ್ಷ ಆದಮೇಲೂ ಬಸ್‌ಸ್ಟ್ಯಾಂಡಿನಲ್ಲಿ ಓಡಿ ಬಂದು ಕೈ ಹಿಡಿದುಕೊಂಡು ಅದನ್ನೇ ಹೇಳುತ್ತಾಳೆ. ಆ ಪ್ರೀತಿಯ ಸಾಲವನ್ನು ಮನೆಯವರ ಪರವಾಗಿ ವಸೂಲಿ ಮಾಡುವುದು ಬಹಳ ಸುಲಭ. ಚಾಮಯ್ಯ ಮೇಷ್ಟ್ರು ಮಾಡಿದ್ದು ಅದನ್ನೇ. ಏಕಲವ್ಯನ ಹೆಬ್ಬೆರಳನ್ನು ಕೇಳಿದ ದ್ರೋಣನನ್ನು ಈಗ ಯಾರೂ ಹೊಗಳುವುದಿಲ್ಲ. ಇವರನ್ನು ಮಾತ್ರ ಚಿತ್ರಪಟ ಮಾಡಿ ಹಂಚುತ್ತೇವೆ.

ಇದರಲ್ಲಿ ಒಂದು ವಿಚಿತ್ರವಿದೆ. ಮೇಷ್ಟ್ರು ಮಾಡಿದ್ದು ಸರಿಯಲ್ಲ ಎಂದು ಸಿನಿಮಾವೇ ಹೇಳುತ್ತದೆ. ಬೇರೆ ಕಡೆ ಮದುವೆಯಾಗಿ ಹೋದ ಅಲಮೇಲುವನ್ನು ಗಂಡನೇ ಕೆಟ್ಟ ದಂಧೆಗೆ ಇಳಿಸುತ್ತಾನೆ. ರಾಮಾಚಾರಿ ಆಕೆಯನ್ನು ಮತ್ತೆ ನೋಡುವುದು ಒಂದು ಹೋಟೆಲಿನಲ್ಲಿ. ಆ ದೃಶ್ಯದಲ್ಲಿ ಆರತಿಯವರ ಮುಖವನ್ನು ಒಮ್ಮೆ ನೋಡಿದವರು ಮರೆಯಲಾರರು. ಗುರುವಿನ ಮಾತಿನ ಬೆಲೆ ಏನಾಯಿತು ಎಂದು ಅಲ್ಲಿ ಶಿಷ್ಯನಿಗೆ ತಿಳಿಯುತ್ತದೆ. ಪುಟ್ಟಣ್ಣ ಲೆಕ್ಕವನ್ನು ಹಲಗೆಯ ಮೇಲೆ ಬರೆದೇ ತೋರಿಸಿದ್ದಾರೆ. ನಾವು ಮಾತ್ರ ಅಷ್ಟನ್ನು ಒರೆಸಿ ಗುರುಭಕ್ತಿ ಒಂದನ್ನೇ ಉಳಿಸಿಕೊಂಡೆವು. ಪುಟ್ಟಣ್ಣನವರ ತಪ್ಪು ಇಲ್ಲವೇ ಇಲ್ಲವೆಂದಲ್ಲ. ಆ ಹೋಟೆಲಿನ ದೃಶ್ಯವೂ ಕೊನೆಗೆ ರಾಮಾಚಾರಿಯ ನೋವಾಗಿಯೇ ಮುಗಿಯುತ್ತದೆ. ಅವನು ಎದೆಯೊಡೆದು ಹೊರಗೆ ಬರುತ್ತಾನೆ, ಕ್ಯಾಮೆರಾ ಅವನ ಹಿಂದೆ ಬರುತ್ತದೆ. ಒಳಗೆ ಉಳಿದವಳ ಬೆಳಗು ಹೇಗಾಯಿತು ಎಂದು ನೋಡಲು ಯಾರೂ ಹಿಂದಿರುಗುವುದಿಲ್ಲ.

‘ಆ ಕಾಲವೇ ಹಾಗಿತ್ತು ಟೀಚರ್’ ಎನ್ನುವವರಿಗೆ ಒಂದು ಮಾತು. ಇದೇ ಪುಟ್ಟಣ್ಣ ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ‘ಗೆಜ್ಜೆಪೂಜೆ’ ಮಾಡಿದ್ದು 1969ರಲ್ಲಿ, ತ್ರಿವೇಣಿಯವರ ‘ಶರಪಂಜರ’ ಮಾಡಿದ್ದು 1971ರಲ್ಲಿ. ಎರಡರಲ್ಲೂ ಕಲ್ಪನಾ. ಹುಚ್ಚು ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಗಂಡ, ನೆರೆಹೊರೆ ಎಲ್ಲರೂ ಹೇಗೆ ನೋಡುತ್ತಾರೆ ಎನ್ನುವುದನ್ನು ‘ಶರಪಂಜರ’ ಅವಳ ಕಣ್ಣಿನಿಂದಲೇ ತೋರಿಸಿತು. ಅಂದರೆ ಆ ಕಾಲಕ್ಕೂ ಗೊತ್ತಿತ್ತು, ಆ ನಿರ್ದೇಶಕರಿಗೂ ಗೊತ್ತಿತ್ತು. ಹೆಂಗಸರು ಬರೆದ ಕಥೆಯಲ್ಲಿ ಹೆಣ್ಣಿಗೆ ಬಾಯಿ ಬಂತು, ನಾಗರಹಾವಿನ ಕಥೆಯಲ್ಲಿ ಅದು ಕಟ್ಟಿಹೋಯಿತು ಎಂದರೆ ತ.ರಾ.ಸು. ಅಭಿಮಾನಿಗಳು ನನ್ನ ಮೇಲೆ ಬೀಳುತ್ತಾರೇನೋ! ಬೀಳಲಿ. ಇನ್ನು ಕಾನೂನಿನ ಮಾತಾದರೆ, ಧರ್ಮ ಬೇರೆಯಾದವರೂ ಮದುವೆಯಾಗಬಹುದೆಂಬ ವಿಶೇಷ ವಿವಾಹ ಕಾಯಿದೆ ಬಂದದ್ದು 1954ರಲ್ಲಿ. ಮೇಷ್ಟ್ರು ಪೇಪರು ಓದದವರೇನಲ್ಲ.

ನಮ್ಮ ಜನಪ್ರಿಯ ಚಿತ್ರಗಳಲ್ಲಿ ಈ ತ್ಯಾಗದ ಹುಚ್ಚು ಒಂದು ಮನೆತನದ ಕಾಯಿಲೆಯಂತೆ ಇಳಿದು ಬಂದಿದೆ. ಅದೇ 1972ರಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪೇಟೆಯ ಹುಡುಗರು ಹಳ್ಳಿಗೆ ಹಿಂತಿರುಗಿ ನೇಗಿಲು ಹಿಡಿದರು ಎಂದು ಹೇಳುತ್ತಾರೆ, ಸಂತೋಷ. ರಾಜೀವ ಕಲ್ಲುಭೂಮಿ ಕಡಿದು ಹಸಿರು ಮಾಡುವ ಭಾಗ ನನಗೂ ಬಹಳ ಇಷ್ಟ. ಆದರೆ ತೀರಿಹೋದ ಭಾವನಿಗೆ ಇನ್ನೊಂದು ಸಂಸಾರವಿತ್ತು ಎನ್ನುವ ಗುಟ್ಟನ್ನು ಆತ ಅಕ್ಕನಿಗೆ ಹೇಳದೆ ಕಾಪಾಡುತ್ತಾನಲ್ಲ, ಅದನ್ನು ಬಂಗಾರದ ಗುಣವೆಂದು ನಾನು ಒಪ್ಪಲಾರೆ. ಗಂಡನ ಬದುಕಿನ ಸತ್ಯ ಹೆಂಡತಿಗೆ ಸೇರಬೇಕಾದದ್ದು. ಅದನ್ನು ಬಚ್ಚಿಟ್ಟು, ಮೈಮೇಲೆ ಅಪವಾದ ಹೊತ್ತು, ಮಾತಿಲ್ಲದೆ ಊರು ಬಿಟ್ಟು ನಡೆದರೆ ನೋಡುವವರಿಗೆ ಚೆಂದ. ಅಕ್ಕನಿಗೆ ಗಂಡನ ಮೋಸದ ಸುದ್ದಿಯ ಜೊತೆಗೆ ತಮ್ಮನೂ ಹೋದ.

2006ರ ಕೊನೆಗೆ ಬಂದ ಯೋಗರಾಜ ಭಟ್ಟರ ‘ಮುಂಗಾರು ಮಳೆ’ಯಲ್ಲೂ ಅದೇ ಚಾಳಿ. ಮಳೆ, ಜೋಗ, ಹಾಡು ಎಲ್ಲ ಚೆನ್ನ. ಆ ಮೊಲ ಸತ್ತದ್ದಕ್ಕೆ ನಮ್ಮ ಶಾಲೆಯ ಹುಡುಗಿಯರು ಒಂದು ವಾರ ಅತ್ತರು. ನಂದಿನಿ ತಾನಾಗಿ ಮನಸ್ಸು ಬಿಚ್ಚಿದ ಮೇಲೂ ಪ್ರೀತಂ ಆಕೆಯನ್ನು ಬಿಟ್ಟುಕೊಟ್ಟು ನಡೆಯುತ್ತಾನೆ. ಬಿಟ್ಟುಕೊಡಲು ಆಕೆ ಅವನ ಜೇಬಿನಲ್ಲಿದ್ದ ಕರ್ಚೀಫೇ? ತನಗೆ ಬೇಡವಾದ ಮದುವೆಯಲ್ಲಿ ಬದುಕಬೇಕಾದವಳು ಅವಳು. ಮೊಲಕ್ಕೆ ಅತ್ತಷ್ಟು ಅವಳಿಗೆ ಯಾರೂ ಅಳಲಿಲ್ಲ.

‘ಕೆ.ಜಿ.ಎಫ್.’ ಬಗ್ಗೆ ಹೆಚ್ಚು ಹೇಳುವುದಿಲ್ಲ. 2018ರಲ್ಲಿ ಒಂದು, 2022ರಲ್ಲಿ ಒಂದು, ಎರಡನ್ನೂ ನೋಡಿದೆ, ಕಿವಿ ಎರಡು ದಿನ ಗುಂಯ್ ಎಂದಿತು. ಅದರಲ್ಲಿ ಕೋಲಾರ ಎಲ್ಲಿದೆ ಎಂದು ಹುಡುಕಿದೆ. ಮೂರು ಕಿಲೋಮೀಟರಿಗೂ ಆಳದ ಗಣಿ, 1902ರಲ್ಲೇ ಶಿವನಸಮುದ್ರದಿಂದ ಬಂದ ಕರೆಂಟು, ದೂಳು ಕುಡಿದು ಎದೆ ಕೆಟ್ಟ ಗಂಡಸರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಓಡುವ ಸಂಸಾರಗಳು, ಇವರ್ಯಾರೂ ಅಲ್ಲಿಲ್ಲ. ತಾಯಿಗೆ ಕೊಟ್ಟ ಮಾತೊಂದಿದೆ. ಬಡವನಾಗಿ ಸಾಯಬೇಡ ಎಂದ ತಾಯಿ, ಹೆಣಗಳ ರಾಶಿ ಹಾಕು ಎಂದು ಹೇಳಿದ್ದಳೇ?

ಮತ್ತೆ ದುರ್ಗಕ್ಕೆ ಬರುತ್ತೇನೆ. ‘ನಾಗರಹಾವು’ ಚಿತ್ರದಲ್ಲಿ ನನಗೆ ಮೆಚ್ಚಿಗೆಯಾದ ಹೆಂಗಸರು ಇಬ್ಬರು. ಒಬ್ಬಳು ಮಾರ್ಗರೆಟ್. ಶುಭಾ ಆ ಪಾತ್ರವನ್ನು ಎಷ್ಟು ದಿಟ್ಟವಾಗಿ ಮಾಡಿದ್ದಾರೆಂದರೆ ಆಕೆ ಸೈಕಲ್ಲು ಏರಿ ಬಂದಳೋ ಬೆಟ್ಟ ಏರಿ ಬಂದಳೋ, ತನ್ನ ದಾರಿ ತನಗೆ ಗೊತ್ತು ಎಂಬಂತೆ ಇರುತ್ತಾಳೆ. ತನ್ನ ಕ್ರೈಸ್ತ ಮನೆಯನ್ನೂ ಊರನ್ನೂ ಎದುರಿಸಿ ನಿಂತವಳು. ಈ ಸಲವೂ ಮೇಷ್ಟ್ರು ಬೇಡವೆಂದೇ ಹೇಳಲು ಬರುತ್ತಾರೆ. ಅಲಮೇಲುವಿನ ಗತಿ ನೋಡಿದ ಮೇಲೂ! ಬೆಟ್ಟದ ತುದಿಯಿಂದ ಮೊದಲು ಅವರು ಬೀಳುತ್ತಾರೆ, ಹಿಂದೆಯೇ ರಾಮಾಚಾರಿಯೂ ಮಾರ್ಗರೆಟ್ಟೂ. ಗುರು ಶಿಷ್ಯರ ಸಾವಿಗೆ ಕಣ್ಣೀರು ಸುರಿಸುವ ನಾವು, ಅವರಿಬ್ಬರ ಜಗಳದಲ್ಲಿ ಮೂರನೆಯವಳೊಬ್ಬಳು ಸತ್ತಳು ಎಂಬುದನ್ನು ಎಣಿಸುವುದೇ ಇಲ್ಲ.

ಇನ್ನೊಬ್ಬಳು ಓಬವ್ವ. ಕಥೆಗೆ ಸಂಬಂಧವಿಲ್ಲದಿದ್ದರೂ ಒಂದು ಹಾಡಿನಲ್ಲಿ ಜಯಂತಿಯವರು ಒನಕೆ ಹಿಡಿದು ಬಂದು ಹೋಗುತ್ತಾರೆ. ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸದೆ, ಯಾರ ಅಪ್ಪಣೆಯನ್ನೂ ಕೇಳದೆ ಕಿಂಡಿಯ ಪಕ್ಕ ನಿಂತವಳು. ಕಳೆದ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಕೋಟೆ ನೋಡಲು ಕರೆದುಕೊಂಡು ಹೋಗಿದ್ದೆವು. ಗೈಡು ಬಂಡೆಗಳ ಕಡೆ ಕೈ ತೋರಿಸಿ ‘ಇಲ್ಲೇ ನಾಗರಹಾವು ಶೂಟಿಂಗ್ ಆಗಿದ್ದು’ ಎಂದ. ಹುಡುಗರು ಅಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಹುಡುಗಿಯರು ಅಷ್ಟು ಹೊತ್ತಿಗೆ ಓಬವ್ವನ ಕಿಂಡಿಯ ಹತ್ತಿರ ಸಾಲುಗಟ್ಟಿ, ಒಬ್ಬೊಬ್ಬಳಾಗಿ ಬಗ್ಗಿ ತೂರಿ ಆಚೆ ಹೋಗುತ್ತಿದ್ದರು.